ಹದಿನೇಳನೆಯ ಮಗು

ವಿಲ್ಯಾಂದಿಯ ನಮ್ಮ ಶಾಲೆಗೆ ನವೆಂಬರಿನ ಒಂದು ಸೋಮವಾರ
ಲಾರಿಯಲ್ಲಿ ಬಂದವು ಇಪ್ಪತ್ತನಾಲ್ಕು ಮೇಜು,
ನೀಳ ಕಾಲಿನವು, ಜೊತೆಗೊಂದು ಕುರ್ಚಿಯಿಲ್ಲ.
ಬಿಚ್ಚಿ ಜೋಡಿಸಿದವನು ನಾನು, ಲೆಂಬಿತ್.
ಬಾಯ್ಲರು, ಬೀಗದಕೈ, ಅಂಗಳದ ಹಿಮ, ಸೋರುವ ನಲ್ಲಿ,
ಎಲ್ಲಕ್ಕೂ ಇಲ್ಲಿ ನಾನೇ.
ಮೇಜಿಗೆ ಹದಿನಾರು ತಿರುಪಿನಂತೆ ಬಿಗಿದೆ.
ಕೊನೆಗೆ ಅಂಗೈಯಲ್ಲಿ ಮೂರು ಉಳಿದವು.
ಯಾವುದರದೆಂದು ಬಗ್ಗಿ ಬಗ್ಗಿ ಹುಡುಕಿದೆ,
ಸೊಂಟ ಹಿಡಿಯಿತು, ಜೇಬಿಗೆ ಹಾಕಿಕೊಂಡೆ.

"ಮಕ್ಕಳು ಕೂತು ಕೂತೇ ಕೆಡುತ್ತಿದ್ದಾರೆ,
ಇನ್ನು ನಿಂತೇ ಲೆಕ್ಕ, ನಿಂತೇ ಓದು"
ಅಂದರು ಮಾರಿಕಾ ಟೀಚರು.
ತಲೆಯಾಡಿಸಿದೆ. ಒಳಗೊಳಗೇ ನಗು.

ಇದೇ ಕೋಣೆ, ಇದೇ ಕಿಟಕಿ.
ನನಗಾಗ ಒಂಬತ್ತು. ರಷ್ಯನ್ ಪದ್ಯದ ನಾಲ್ಕನೇ ಸಾಲು
ಗಂಟಲಲ್ಲಿ ಮೀನಿನ ಮುಳ್ಳು.
ನಿಲ್ಲು, ಅಂದರು.
ನಿಂತೆ.
ಗಂಟೆ ಹೊಡೆಯಿತು, ನಿಂತೆ.
ಎಲ್ಲರೂ ಊಟಕ್ಕೆ ಹೋದರು,
ಎಲೆಕೋಸಿನ ಸಾರಿನ ವಾಸನೆ ಮೆಟ್ಟಿಲೇರಿ ಬಂತು,
ನಿಂತೆ.
ಅಂದು ಶಿಕ್ಷೆ,
ಇಂದು ಶಿಕ್ಷಣ.

ಮೊದಲ ವಾರ ತರಗತಿ ಕೊಕ್ಕರೆಗಳ ಕೆರೆ,
ಒಂದು ಕಾಲೂರಿ ಇನ್ನೊಂದನ್ನು ಮಡಚಿ
ಗುಣಿಸುತ್ತ, ಭಾಗಿಸುತ್ತ.
ಊಕು ಎಂಬ ಹುಡುಗ, ಹಿಂದಿನ ವರ್ಷ
ತೂಗಿ ತೂಗಿ ನಾಲ್ಕು ಕುರ್ಚಿ ಮುರಿದವನು
(ಅಂಟು ಹಾಕಿದ್ದು ನಾನೇ),
ಈಗ ನಿಂತು ಬರೆಯುತ್ತಾನೆ;
ಕಾಲು ಕುಣಿಯುತ್ತದೆ, ಅಕ್ಷರ ಕುಣಿಯುವುದಿಲ್ಲ.
ಮಿರ್ತೆಲ್‌ಗೆ ಮಂಡಿ ನೋವು. ಕುರ್ಚಿ ಕೇಳಿದಳು,
ಕೊಟ್ಟರು.
ಕೇಳಿದರೆ ಕೊಡುತ್ತಾರೆಂದು
ನನಗೆ ಗೊತ್ತಾದದ್ದು ಅವತ್ತು.

ಆಮೇಲೆ ತಾರ್ತುವಿನಿಂದ ಬಂದಳು ಒಬ್ಬ ನರ್ಸು,
ಡಬ್ಬಿಯ ತುಂಬ ಬಿಳಿ ಗುಂಡಿಗಳು, ಒಂದೊಂದಕ್ಕೂ ನಂಬರು.
ತೊಡೆಗಂಟಿಸಿಕೊಂಡರೆ ಸಾಕು,
ಕೂತದ್ದೆಷ್ಟು, ನಿಂತದ್ದೆಷ್ಟು, ತಾನೇ ಎಣಿಸುತ್ತದಂತೆ.
"ತುರಿಕೆ, ಲೆಂಬಿತ್ ಮಾಮ, ತಡೆಯೋಕಾಗಲ್ಲ"
ಬಾಯ್ಲರು ಕೋಣೆಯಲ್ಲಿ ಊಕು ಅದನ್ನು ಕಿತ್ತು
ನನ್ನ ತೊಡೆಗೆ ಅಂಟಿಸಿ ಓಡಿದ.
ನಾನು ಮರೆತೆ.

ಬೆಳಗಿನ ಐದಕ್ಕೆ ಸಲಿಕೆ, ಹಿಮ.
ಮೂರು ಮಹಡಿ, ಒಂದು ಬಕೆಟ್ಟು.
ಸಂಜೆ ಮನೆಯಲ್ಲಿ ಕಿಟಕಿಯ ಬಳಿ ನಿಂತೇ ಸಾರು ಕುಡಿದೆ.
ಒಬ್ಬನಿಗಾಗಿ ಮೇಜಿಗೆ ಬಟ್ಟೆ ಹಾಸುವುದೇಕೆ?

ಕ್ರಿಸ್‌ಮಸ್ ಕಳೆದು ಕಾಗದ ಬಂತು.
ಮಾರಿಕಾ ಗಟ್ಟಿಯಾಗಿ ಓದಿದರು:
"ಹದಿನೇಳನೆಯ ಮಗು ದಿನಕ್ಕೆ ಕೂತದ್ದು ಮೂವತ್ತೊಂದು ನಿಮಿಷ,
ನಿಂತದ್ದು, ನಡೆದದ್ದು, ಹದಿನಾಲ್ಕು ಗಂಟೆ.
ಮನೆಯಲ್ಲಿ ಎಲ್ಲ ಸರಿಯಿದೆಯೇ?
ಮಗುವಿಗೆ ವಿಶ್ರಾಂತಿ ಬೇಕು. ದಯವಿಟ್ಟು ವಿಚಾರಿಸಿ."

ಊಕುವಿನ ಕಿವಿ ಕೆಂಪಾದವು.
ಬೆರಳು ಮೆಲ್ಲಗೆ ಮೇಲೆದ್ದಿತು,
ಏಣಿಯ ತುದಿಯಲ್ಲಿ ಬಲ್ಬು ತಿರುವುತ್ತಿದ್ದ
ನನ್ನ ಕಡೆಗೆ.
ಇಡೀ ತರಗತಿ ನಕ್ಕಿತು. ನಾನೂ ನಕ್ಕೆ.
ಮಾರಿಕಾ ನಗಲಿಲ್ಲ.

ಇಳಿದೆ. ಮಿರ್ತೆಲ್ ತನ್ನ ಕುರ್ಚಿಯನ್ನು ನೂಕಿದಳು,
ಕರಕರ ಸದ್ದು ನೆಲದುದ್ದಕ್ಕೂ.
"ಕೂತುಕೊಳ್ಳಿ" ಅಂದರು ಟೀಚರು,
ಇದೇ ಕೋಣೆಯಲ್ಲಿ, ಇದೇ ಕಿಟಕಿಯ ಪಕ್ಕ.
ಐವತ್ತೈದು ವರ್ಷ ತಡವಾಗಿ ಬಂದ ಮಾತು.

ಕೂತೆ.
ಸುತ್ತ ನಿಂತ ಮಕ್ಕಳ ಮೊಣಕೈಗಳು ನನ್ನ ಕಣ್ಣಿನ ಮಟ್ಟಕ್ಕೆ.
ಪಾಠ ಮುಂದುವರಿಯಿತು, ಯಾವುದೋ ನದಿ, ಅದರ ಉಪನದಿ.
ತಲೆಯೆತ್ತಿದರೆ ಊಕುವಿನ ಮೇಜಿನ ಅಡಿಭಾಗ:
ಆಗಲೇ ಅಂಟಿಸಿದ ಚೂಯಿಂಗ್ ಗಮ್,
ಅದರ ಪಕ್ಕದಲ್ಲಿ
ಮೂರು ಖಾಲಿ ತೂತು.

ಜೇಬಿಗೆ ಕೈ ಹೋಯಿತು. ಏಳಬೇಕೆನಿಸಿತು.
ಏಳಲಿಲ್ಲ.
ನಾಳೆ ನೋಡಿದರಾಯಿತು.